‘ನಂಬರ್ ಎಷ್ಟಾಯ್ತು?’: ಕಣ್ಣು, ಕನ್ನಡಕ, ಲೆನ್ಸ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಉಡುಪಿಯಲ್ಲಿ ಕನ್ನಡಕದ ಕೌಂಟರಿನ ಹಿಂದೆ ಕೂತು ಇಪ್ಪತ್ತು ವರ್ಷ ದಾಟಿತು. ನಾನು ಆಪ್ಟೋಮೆಟ್ರಿಸ್ಟ್. ಕಣ್ಣು ಪರೀಕ್ಷಿಸಿ ನಂಬರ್ ತೆಗೆಯುವುದು, ಕನ್ನಡಕವನ್ನೋ ಲೆನ್ಸನ್ನೋ ಹೊಂದಿಸಿಕೊಡುವುದು ನನ್ನ ಕೆಲಸ. ಮದ್ದು ಕೊಡುವವನಲ್ಲ, ಆಪರೇಷನ್ ಮಾಡುವವನೂ ಅಲ್ಲ. ಮಲ್ಪೆಯ ಬೋಟಿನವರು, ಕಾರ್ಕಳ ಕಡೆಯ ಅಡಿಕೆ ತೋಟದವರು, ಮಣಿಪಾಲದ ವಿದ್ಯಾರ್ಥಿಗಳು, ರಜೆಯಲ್ಲಿ ಊರಿಗೆ ಬಂದ ಗಲ್ಫಿನವರು, ಯಾರೇ ಬರಲಿ, ಕುರ್ಚಿಯಿಂದ ಎದ್ದ ಕೂಡಲೇ ಕೇಳುವುದು ಒಂದೇ: ‘ನಂಬರ್ ಎಷ್ಟಾಯ್ತು?’ ಅದನ್ನು ಹೇಳುವುದು ಸುಲಭ. ನಂಬರ್ ಬೇರೆ, ಕಣ್ಣಿನ ಆರೋಗ್ಯ ಬೇರೆ ಎಂದು ಬಿಡಿಸಿ ಹೇಳಲು ಮಾತ್ರ ಪುರುಸೊತ್ತು ಸಿಗುವುದಿಲ್ಲ, ಹಿಂದೆ ಇನ್ನೊಬ್ಬರು ಕಾಯುತ್ತಿರುತ್ತಾರೆ. ಹಾಗಾಗಿ ಕೇಳಿದವರ ಮಾತಿನಲ್ಲೇ ಪ್ರಶ್ನೆಗಳನ್ನು ಬರೆದಿಟ್ಟು ಉತ್ತರ ಕೊಟ್ಟಿದ್ದೇನೆ.

## ಚೀಟಿ, ನಂಬರ್, ಚಾಳೀಸು

ಚೀಟಿಯಲ್ಲಿ ಮೈನಸ್, ಪ್ಲಸ್, ಸಿಲಿಂಡರ್ ಅಂತ ಎಂತೆಲ್ಲ ಬರೆದದ್ದು?

ಮೈನಸ್ ಅಂದರೆ ಹತ್ತಿರದ್ದು ಕಾಣುತ್ತದೆ, ದೂರದ್ದು ಮಂಜು. ಕಣ್ಣುಗುಡ್ಡೆ ಸ್ವಲ್ಪ ಉದ್ದವಾಗಿದೆ ಎಂದು ಅರ್ಥ. ದೊಡ್ಡವರ ಕಣ್ಣುಗುಡ್ಡೆ ಮುಂದಿನಿಂದ ಹಿಂದಕ್ಕೆ ಸುಮಾರು 24 ಮಿಲಿಮೀಟರ್ ಇರುತ್ತದೆ. ಅದು ಒಂದೇ ಒಂದು ಮಿಲಿಮೀಟರ್ ಉದ್ದವಾದರೂ ಹೆಚ್ಚುಕಡಿಮೆ ಮೈನಸ್ 3 ನಂಬರ್ ಬರುತ್ತದೆ. ಪ್ಲಸ್ ಇದಕ್ಕೆ ತಿರುಗುಮುರುಗು. ಸಿಲಿಂಡರ್ ಅಂದರೆ ಕಣ್ಣಿನ ಮುಂಭಾಗದ ಗಾಜಿನಂಥ ಪದರ, ಅಂದರೆ ಕಾರ್ನಿಯಾ, ಚೆಂಡಿನ ಹಾಗೆ ಎಲ್ಲ ಕಡೆ ಒಂದೇ ದುಂಡಗಿಲ್ಲದೆ ಮೊಟ್ಟೆಯ ಹಾಗೆ ಒಂದು ಕಡೆಗೆ ಹೆಚ್ಚು ಬಾಗಿದೆ ಎಂದು. ಯಾವ ಕಡೆಗೆ ಎಂದು ತಿಳಿಸುವುದೇ ಆಕ್ಸಿಸ್.

ನಂಬರಿನ ಲೆಕ್ಕ ಮೀಟರಿನದ್ದು. 1ನ್ನು ನಿಮ್ಮ ಮೈನಸ್ ನಂಬರಿನಿಂದ ಭಾಗಿಸಿ. ಮೈನಸ್ 2 ಇದ್ದವರಿಗೆ ಕನ್ನಡಕ ಇಲ್ಲದೆ ಅರ್ಧ ಮೀಟರಿನವರೆಗೆ ಸ್ಪಷ್ಟ, ಮೈನಸ್ 4 ಇದ್ದವರಿಗೆ ಕಾಲು ಮೀಟರಿನವರೆಗೆ.

6/6 ಅಂದ್ರೆ ಕಣ್ಣು ನೂರಕ್ಕೆ ನೂರು ಸರಿ ಉಂಟು ಅಂತ ಅಲ್ವಾ?

ಅಲ್ಲ. 6 ಮೀಟರ್ ದೂರದಿಂದ ಓದಬೇಕಾದ ಸಾಲನ್ನು ನೀವು 6 ಮೀಟರಿನಿಂದಲೇ ಓದಿದಿರಿ, ಅಷ್ಟೇ. ಆ ಸಾಲಿನ ಅಕ್ಷರದ ಎತ್ತರ ಒಂಬತ್ತು ಮಿಲಿಮೀಟರಿಗಿಂತಲೂ ಚೂರು ಕಡಿಮೆ. 6/60 ಅಂದರೆ ಬೇರೆಯವರು 60 ಮೀಟರಿನಿಂದ ಓದುವುದನ್ನು ನೀವು 6 ಮೀಟರಿಗೆ ಬಂದು ಓದುತ್ತೀರಿ. ಡಚ್ ವೈದ್ಯ ಸ್ನೆಲೆನ್ 1862ರಲ್ಲಿ ಮಾಡಿದ ಬೋರ್ಡಿನ ಪದ್ಧತಿಯೇ ಇವತ್ತಿಗೂ ನಡೆಯುತ್ತಿದೆ. ನಮ್ಮ ಅಂಗಡಿಗಳಲ್ಲಿ 6 ಮೀಟರ್ ಉದ್ದದ ಕೋಣೆ ಎಲ್ಲಿಂದ ಬರಬೇಕು? ಎದುರು ಕನ್ನಡಿ ಇಟ್ಟು ದೂರವನ್ನು ಇಮ್ಮಡಿ ಮಾಡಿಕೊಳ್ಳುತ್ತೇವೆ.

ದೃಷ್ಟಿನರ ಸವೆಯುವ ಗ್ಲುಕೋಮಾ ಅರ್ಧ ದಾರಿ ಬಂದಿದ್ದರೂ, ಸಕ್ಕರೆ ಕಾಯಿಲೆಯಿಂದ ಕಣ್ಣಿನ ಹಿಂದಿನ ಪದರದಲ್ಲಿ, ಅಂದರೆ ರೆಟಿನಾದಲ್ಲಿ, ರಕ್ತ ಒಸರುತ್ತಿದ್ದರೂ 6/6 ಓದಿದವರನ್ನು ನೋಡಿದ್ದೇನೆ. ಬೋರ್ಡ್ ತೋರಿಸುವುದು ನಡುವಿನ ದೃಷ್ಟಿಯನ್ನು ಮಾತ್ರ.

ಕನ್ನಡಕ ಹಾಕಿದ್ರೆ ನಂಬರ್ ಜಾಸ್ತಿ ಆಗ್ತಾ ಹೋಗ್ತದಂತೆ, ಹೌದಾ?

ಮಗು ಬೆಳೆದಂತೆ ಚಪ್ಪಲಿ ಚಿಕ್ಕದಾಗುತ್ತದೆ. ಚಪ್ಪಲಿ ಹಾಕಿದ್ದರಿಂದ ಕಾಲು ಬೆಳೆಯಿತು ಎಂದು ಯಾರೂ ಹೇಳುವುದಿಲ್ಲವಲ್ಲ. ಹಾಕದೆ ಬಿಟ್ಟರೆ ನಂಬರ್ ಇಳಿಯುವುದೂ ಇಲ್ಲ. ‘ಸ್ವಲ್ಪ ಕಡಿಮೆ ನಂಬರಿನದ್ದು ಕೊಡಿ, ಕಣ್ಣಿಗೆ ಅಭ್ಯಾಸ ಆಗಲಿ’ ಎನ್ನುವ ತಂದೆತಾಯಿಯ ಮಾತಿಗೆ ನಾನು ಒಪ್ಪುವುದಿಲ್ಲ. ಮಗುವಿಗೆ ಬೋರ್ಡ್ ಕಾಣದೆ ಹೋಗುವುದೊಂದೇ ಅದರ ಲಾಭ.

ದೂರದ್ದು ಎಲ್ಲ ಕಾಣ್ತದೆ, ಮೊಬೈಲ್ ಮಾತ್ರ ಕೈ ಚಾಚಿ ಹಿಡಿದ್ರೇ ಕಾಣುದು. ನನಗೆ 42. ಎಂತ ಆದದ್ದು?

ಚಾಳೀಸು ಬಂದದ್ದು. ಹೆಸರಿನಲ್ಲೇ ವಯಸ್ಸಿದೆ, ಚಾಳೀಸ್ ಅಂದರೆ ನಲವತ್ತು. ಕಣ್ಣಿನೊಳಗಿನ ಲೆನ್ಸ್ ಎಳೆ ವಯಸ್ಸಿನಲ್ಲಿ ಮೆತ್ತಗಿದ್ದು, ಹತ್ತಿರ ನೋಡುವಾಗ ಉಬ್ಬಿಕೊಳ್ಳುತ್ತದೆ. ವರ್ಷ ಕಳೆದಂತೆ ಅದು ಗಟ್ಟಿಯಾಗುತ್ತದೆ. ಇದು ಕಾಯಿಲೆ ಅಲ್ಲ, ಯಾರನ್ನೂ ಬಿಡುವುದೂ ಇಲ್ಲ. ಅರುವತ್ತರ ಹತ್ತಿರದವರೆಗೆ ಎರಡು ಮೂರು ವರ್ಷಕ್ಕೊಮ್ಮೆ ನಂಬರ್ ಚೂರು ಏರುತ್ತದೆ, ಆಮೇಲೆ ನಿಲ್ಲುತ್ತದೆ. ಮೈನಸ್ 2, 3 ಇದ್ದವರು ಕನ್ನಡಕ ತೆಗೆದು ಓದಿಕೊಂಡು ‘ನನಗೆ ಚಾಳೀಸೇ ಬರಲಿಲ್ಲ’ ಎಂದು ಜಂಬ ಕೊಚ್ಚುತ್ತಾರೆ. ಅವರಿಗೂ ಬಂದಿದೆ, ಮೈನಸ್ ಅದನ್ನು ಮುಚ್ಚಿದೆ, ಅಷ್ಟೇ.

ರಥಬೀದಿಯಲ್ಲಿ ನೂರೈವತ್ತು ರೂಪಾಯಿಗೆ ಸಿಗುವ ರೆಡಿಮೇಡ್ ಕನ್ನಡಕ ಸಾಕಾಗುದಿಲ್ವಾ?

ನನ್ನ ವ್ಯಾಪಾರಕ್ಕೆ ಕಲ್ಲು ಹಾಕಿಕೊಂಡೇ ಹೇಳುತ್ತೇನೆ: ಓದುವುದಕ್ಕೆ ಮಾತ್ರ ಬೇಕಾಗಿದ್ದು, ಎರಡೂ ಕಣ್ಣಿಗೆ ಒಂದೇ ಪ್ಲಸ್ ನಂಬರ್ ಇದ್ದು, ಸಿಲಿಂಡರ್ ಇಲ್ಲದಿದ್ದರೆ ಸಾಕಾಗುತ್ತದೆ. ಕಣ್ಣೇನೂ ಹಾಳಾಗುವುದಿಲ್ಲ. ಒಂದು ಕಣ್ಣಿಗೆ ಪ್ಲಸ್ 1.50, ಇನ್ನೊಂದಕ್ಕೆ 2.25 ಇದ್ದರೆ ತಲೆನೋವು ಗ್ಯಾರಂಟಿ. ಆದರೆ ಬೀದಿಯಲ್ಲಿ ಕೊಂಡವರು ಹತ್ತು ವರ್ಷ ಯಾರಿಗೂ ಕಣ್ಣು ತೋರಿಸದೆ ಕಳೆಯುತ್ತಾರೆ. ನಲವತ್ತರ ನಂತರ ಬರುವ ಸದ್ದಿಲ್ಲದ ಕಾಯಿಲೆಗಳು ಆ ಹತ್ತು ವರ್ಷದಲ್ಲೇ ಬರುವುದು.

ಕ್ಯಾರೆಟ್, ಬೂತಾಯಿ ಮೀನು ತಿಂದ್ರೆ ನಂಬರ್ ಇಳಿತದಾ?

ಇಳಿಯುವುದಿಲ್ಲ. ವಿಟಮಿನ್ ‘ಎ’ ಕೊರತೆಯಾದರೆ ಇರುಳುಗುರುಡು ಬರುತ್ತದೆ, ಅದು ನಿಜ. ಆದರೆ ಬಸಳೆ, ಹರಿವೆ, ನುಗ್ಗೆಸೊಪ್ಪು, ಪಪ್ಪಾಯಿ ತಿನ್ನುವ ಮನೆಗೆ ಆ ಭಯ ಬೇಡ. ಮೀನೆಣ್ಣೆಯ ಮಾತ್ರೆಯಿಂದ ಒಣಗಿದ ಕಣ್ಣು ಸರಿಹೋಗುತ್ತದೆ ಎಂಬ ನಂಬಿಕೆಯನ್ನು ಅಮೆರಿಕದಲ್ಲಿ ದೊಡ್ಡ ಪ್ರಯೋಗ ಮಾಡಿ ನೋಡಿದರು. 2018ರಲ್ಲಿ ಬಂದ ಫಲಿತಾಂಶದ ಪ್ರಕಾರ ಅದಕ್ಕೂ ಆಲಿವ್ ಎಣ್ಣೆಯ ಮಾತ್ರೆಗೂ ವ್ಯತ್ಯಾಸವೇ ಕಾಣಲಿಲ್ಲ. ಬೂತಾಯಿ ಪುಳಿಮುಂಚಿಯನ್ನು ರುಚಿಗಾಗಿಯೇ ತಿನ್ನಿ.

## ಮಕ್ಕಳ ಕಣ್ಣು

ಮಗುವಿಗೆ ಅಕ್ಷರವೇ ಬರುದಿಲ್ಲ, ಕಣ್ಣು ಹೇಗೆ ನೋಡ್ತೀರಿ? ಯಾವಾಗ ಕರ್ಕೊಂಡು ಬರ್ಬೇಕು?

ಅಕ್ಷರ ಬೇಕಾಗಿಲ್ಲ. ಚಿತ್ರದ ಬೋರ್ಡ್ ಉಂಟು. ಅದೂ ಬೇಡ, ರೆಟಿನೋಸ್ಕೋಪ್ ಎಂಬ ಬೆಳಕಿನ ಕಡ್ಡಿಯಿಂದ ಮಗು ಬಾಯಿ ಬಿಡದೆಯೂ ನಂಬರ್ ಅಂದಾಜಿಸಬಹುದು. ಮಕ್ಕಳ ಕಣ್ಣು ಕಸರತ್ತು ಮಾಡಿ ನಂಬರನ್ನು ಬಚ್ಚಿಡುತ್ತದೆ. ಅದಕ್ಕೇ ಡಾಕ್ಟರ್ ಡ್ರಾಪ್ಸ್ ಹಾಕಿ ಕಣ್ಣನ್ನು ಸಡಿಲಗೊಳಿಸಿ ನೋಡುವುದು. ಶಾಲೆಗೆ ಸೇರಿಸುವ ಮೊದಲು, ಮೂರು ನಾಲ್ಕು ವರ್ಷಕ್ಕೆ ಒಮ್ಮೆ ತೋರಿಸಲೇಬೇಕು.

ಅವಸರ ಯಾಕೆಂದರೆ, ಒಂದು ಕಣ್ಣಿಗೆ ಮಾತ್ರ ದೊಡ್ಡ ನಂಬರ್ ಇದ್ದರೆ ಮೆದುಳು ಆ ಕಣ್ಣಿನ ಮಸುಕು ಚಿತ್ರವನ್ನು ಪಕ್ಕಕ್ಕಿಟ್ಟುಬಿಡುತ್ತದೆ. ಇದನ್ನು ಸೋಮಾರಿ ಕಣ್ಣು ಎನ್ನುತ್ತಾರೆ. ಮಗು ಇನ್ನೊಂದು ಕಣ್ಣಿನಿಂದ ಆಡಿಕೊಂಡು ಓಡಿಕೊಂಡು ಇರುವುದರಿಂದ ಮನೆಯವರಿಗೆ ಗೊತ್ತೇ ಆಗುವುದಿಲ್ಲ. ಏಳೆಂಟು ವರ್ಷದೊಳಗೆ ಕನ್ನಡಕ ಹಾಕಿ, ಒಳ್ಳೆಯ ಕಣ್ಣಿಗೆ ದಿನಕ್ಕೆ ಕೆಲವು ಗಂಟೆ ಪಟ್ಟಿ ಕಟ್ಟಿದರೆ ಚೆನ್ನಾಗಿ ಸುಧಾರಿಸುತ್ತದೆ. ಹದಿನೈದಕ್ಕೆ ಬಂದರೆ ಬಹಳ ಕಷ್ಟ.

ಮೆಳ್ಳೆಗಣ್ಣನ್ನು ಅದೃಷ್ಟ ಎಂದು ಬಿಡುವವರು ಇನ್ನೂ ಇದ್ದಾರೆ. ಅದನ್ನು ತೋರಿಸಿ. ಮೊಬೈಲಿನಲ್ಲಿ ಫ್ಲ್ಯಾಶ್ ಹಾಕಿ ತೆಗೆದ ಫೋಟೋದಲ್ಲಿ ಮಗುವಿನ ಪಾಪೆ ಕೆಂಪಗೆ ಕಾಣುವ ಬದಲು ಬೆಳ್ಳಗೆ ಹೊಳೆದರೆ ಆ ವಾರವೇ ಕಣ್ಣಿನ ಡಾಕ್ಟರ ಹತ್ತಿರ ಹೋಗಿ. ಪೊರೆ ಇರಬಹುದು, ಅಪರೂಪಕ್ಕೆ ಕಣ್ಣಿನ ಗಡ್ಡೆಯೂ ಇರಬಹುದು.

ಮೊಬೈಲ್ ನೋಡಿಯೇ ಮಗನಿಗೆ ಕನ್ನಡಕ ಬಂದದ್ದಾ?

ಅರ್ಧ ಸತ್ಯ. ತಂದೆತಾಯಿಗೆ ಮೈನಸ್ ಇದ್ದರೆ ಮಕ್ಕಳಿಗೆ ಬರುವ ಸಾಧ್ಯತೆ ಹೆಚ್ಚು. ಮೊಬೈಲೇ ಆಗಲಿ ಪುಸ್ತಕವೇ ಆಗಲಿ, ಕಣ್ಣಿಗೆ ತೀರಾ ಹತ್ತಿರ ಹಿಡಿದು ಗಂಟೆಗಟ್ಟಲೆ ನೋಡುವುದು ಒಂದು ಕಾರಣ. ಅದಕ್ಕಿಂತ ಮುಖ್ಯ, ಮನೆಯೊಳಗೆ ಕೂರುವುದು. ಹಗಲು ಬೆಳಕು ಬಿದ್ದಾಗ ರೆಟಿನಾದಲ್ಲಿ ಡೋಪಮಿನ್ ಎಂಬ ರಾಸಾಯನಿಕ ಹುಟ್ಟುತ್ತದೆ, ಕಣ್ಣುಗುಡ್ಡೆ ಉದ್ದಕ್ಕೆ ಬೆಳೆಯುವುದನ್ನು ಅದು ತಡೆಯುತ್ತದೆ ಎಂಬುದು ಈಗಿನ ತಿಳಿವಳಿಕೆ. ದಿನಕ್ಕೆ ಎರಡು ಗಂಟೆ ಹೊರಗೆ ಆಡಲಿ. ಗದ್ದೆ ಬದಿ, ಶಾಲೆ ಮೈದಾನ, ಕಡಲ ದಂಡೆ, ಎಲ್ಲಾದರೂ ಸರಿ. ಜೂನ್‌ನಿಂದ ಸೆಪ್ಟೆಂಬರಿನವರೆಗೆ ನಮ್ಮ ಮಳೆ ಬಿಡಬೇಕಲ್ಲ ಎಂದರೆ ಅದೂ ಸರಿಯೇ. ಬಿಟ್ಟ ಹೊಳವಿನಲ್ಲಿ ಓಡಿಸಿ.

ವರ್ಷಕ್ಕೆ ಅರ್ಧ, ಮುಕ್ಕಾಲು ನಂಬರ್ ಏರುತ್ತಿದ್ದರೆ ಡಾಕ್ಟರು ಕಡಿಮೆ ಪ್ರಮಾಣದ ಅಟ್ರೋಪಿನ್ ಡ್ರಾಪ್ಸ್ ಬರೆಯಬಹುದು, ಓಟ ತಗ್ಗಿಸುವ ವಿಶೇಷ ಗ್ಲಾಸುಗಳೂ ಬಂದಿವೆ. ಇರುವ ನಂಬರನ್ನು ಇವು ಇಳಿಸುವುದಿಲ್ಲ, ಏರುವ ವೇಗವನ್ನು ತಗ್ಗಿಸುತ್ತವೆ.

ಮಗ ಮರ್ಚೆಂಟ್ ನೇವಿಗೆ ಹೋಗ್ಬೇಕಂತ ಹಠ ಮಾಡ್ತಾನೆ. ಕೆಂಪು ಹಸಿರು ಸರಿ ಗೊತ್ತಾಗುದಿಲ್ಲ, ಅದಕ್ಕೆ ಮದ್ದು ಉಂಟಾ?

ಮದ್ದು ಇಲ್ಲ. ಹಡಗಿನ ಎಡಬದಿಗೆ ಕೆಂಪು ದೀಪ, ಬಲಬದಿಗೆ ಹಸಿರು. ರಾತ್ರಿ ಎದುರಿನ ಹಡಗು ಯಾವ ಕಡೆಗೆ ಹೋಗುತ್ತಿದೆ ಎಂದು ತಿಳಿಯುವುದೇ ಆ ಬಣ್ಣದಿಂದ. ಹಾಗಾಗಿ ಡೆಕ್ ವಿಭಾಗದಲ್ಲಿ ಬಣ್ಣದ ದೃಷ್ಟಿಗೆ ರಿಯಾಯಿತಿ ಇಲ್ಲ. ಬಣ್ಣದ ಫಿಲ್ಟರ್ ಕನ್ನಡಕ ಹಾಕಿದರೆ ಕೆಲವು ಬಣ್ಣಗಳ ವ್ಯತ್ಯಾಸ ಎದ್ದು ಕಾಣಬಹುದು, ಪರೀಕ್ಷೆಯಲ್ಲಿ ಅದನ್ನು ಒಪ್ಪುವುದಿಲ್ಲ.

ಈ ದೋಷ ಅಳಿಯಕಟ್ಟಿನ ಆಸ್ತಿಯ ಹಾಗೆ ತಾಯಿಯ ಕಡೆಯಿಂದ ಇಳಿಯುತ್ತದೆ. ತಾಯಿಗೆ ಕಾಣಿಸಿಕೊಳ್ಳುವುದಿಲ್ಲ, ಮಗನಿಗೆ ಬರುತ್ತದೆ. ತಾಯಿಯ ತಂದೆಗೋ ಸೋದರಮಾವನಿಗೋ ಇತ್ತೇ ಎಂದು ಕೇಳಿ ನೋಡಿ. ಚುಕ್ಕಿಗಳ ನಡುವೆ ಅಂಕೆ ಹುಡುಕುವ ಇಶಿಹಾರ ಪುಸ್ತಕದ ಪರೀಕ್ಷೆಗೆ ಐದು ನಿಮಿಷ ಸಾಕು. ಕೋರ್ಸಿಗೆ ಲಕ್ಷಗಟ್ಟಲೆ ಫೀಸು ಕಟ್ಟಿದ ಮೇಲೆ ಬಂದವರಿದ್ದಾರೆ. ದಯವಿಟ್ಟು ಕಟ್ಟುವ ಮೊದಲು ಬನ್ನಿ.

## ಕನ್ನಡಕ ಕೊಳ್ಳುವಾಗ

ಕಂಪ್ಯೂಟರ್ ಕೆಲಸ, ಬ್ಲೂ ಕಟ್ ಹಾಕಿಸ್ಲೇಬೇಕಾ?

ಪರದೆಯ ನೀಲಿ ಬೆಳಕು ತಡೆಯುವ ಆ ಗ್ಲಾಸ್ ಬೇಕಾಗಿಲ್ಲ. 17 ಪ್ರಯೋಗಗಳನ್ನು ಒಟ್ಟಿಗಿಟ್ಟು ನೋಡಿದ 2023ರ ಕೊಕ್ರೇನ್ ವಿಮರ್ಶೆಯಲ್ಲಿ, ಬ್ಲೂ ಕಟ್‌ನಿಂದ ಕಣ್ಣಿನ ದಣಿವು ಕಡಿಮೆಯಾದದ್ದು ಕಂಡುಬರಲಿಲ್ಲ. ಪರದೆ ನೋಡುವಾಗ ನಾವು ರೆಪ್ಪೆ ಬಡಿಯುವುದನ್ನೇ ಮರೆಯುತ್ತೇವೆ, ಉರಿ ಬರುವುದು ಅದರಿಂದ. ಇಪ್ಪತ್ತು ನಿಮಿಷಕ್ಕೊಮ್ಮೆ ಕಿಟಕಿಯಾಚೆಯ ತೆಂಗಿನಮರ ನೋಡಿ, ನಾಲ್ಕು ಸಲ ಪೂರ್ತಿ ರೆಪ್ಪೆ ಮುಚ್ಚಿ ತೆರೆಯಿರಿ. ಏಸಿ ಗಾಳಿ ಮುಖಕ್ಕೆ ಬೀಸದಿರಲಿ. ದುಡ್ಡು ಹಾಕುವುದಾದರೆ ಪ್ರತಿಫಲನ ತಡೆಯುವ ಕೋಟಿಂಗಿಗೆ ಹಾಕಿ, ರಾತ್ರಿ ಹೆದ್ದಾರಿಯಲ್ಲಿ ಎದುರಿನ ಲಾರಿಯ ದೀಪ ಕಾಡುವುದು ಸ್ವಲ್ಪ ಕಡಿಮೆಯಾಗುತ್ತದೆ.

ಹೊಸ ಫ್ರೇಮ್, ಆರೇ ತಿಂಗಳಿಗೆ ಮೂಗಿನ ಹತ್ತಿರ ಹಸಿರಾಯ್ತು. ಡೂಪ್ಲಿಕೇಟಾ?

ಡೂಪ್ಲಿಕೇಟ್ ಎಂದೇ ಹೇಳಲಾಗದು. ಅದು ಕಿಲುಬು. ಲೋಹದ ಫ್ರೇಮಿನ ಮಿಶ್ರಲೋಹದಲ್ಲಿರುವ ತಾಮ್ರಕ್ಕೆ ನಮ್ಮ ಬೆವರು, ಕಡಲ ಉಪ್ಪುಗಾಳಿ ಸೇರಿದರೆ ಇನ್ನೇನಾಗಬೇಕು? ಕರಾವಳಿಯವರಿಗೆ ನಾನು ಹೇಳುವುದು ಟೈಟಾನಿಯಂ, ಇಲ್ಲವೇ ಪ್ಲಾಸ್ಟಿಕ್ ಬಗೆಯ ಅಸಿಟೇಟ್. ರಾತ್ರಿ ತಣ್ಣೀರಿನಲ್ಲಿ ಒಂದು ಹನಿ ಪಾತ್ರೆ ತೊಳೆಯುವ ದ್ರಾವಣ ಹಾಕಿ ತೊಳೆದು ಮೆತ್ತಗಿನ ಹತ್ತಿ ಬಟ್ಟೆಯಲ್ಲಿ ಒತ್ತಿ ಒರೆಸಿ. ಸೀರೆ ಸೆರಗು, ಲುಂಗಿಯ ಅಂಚು ಬೇಡ. ಅದರಲ್ಲಿರುವ ಧೂಳಿಗೇ ಗ್ಲಾಸ್ ಗೀರುವುದು.

ನಂಬರ್ ಮೈನಸ್ 7. ತೆಳು ಗ್ಲಾಸ್ ಅಂತ ಎಂತೆಂತದ್ದೋ ರೇಟು ಹೇಳ್ತಾರೆ.

1.5, 1.6, 1.67, 1.74 ಎಂಬುದು ವಕ್ರೀಭವನಾಂಕ. ಅಂಕೆ ಹೆಚ್ಚಿದಷ್ಟೂ ಗ್ಲಾಸ್ ತೆಳು, ದರ ದಪ್ಪ. ಮೈನಸ್ ಗ್ಲಾಸಿನ ದಪ್ಪ ಇರುವುದು ಅಂಚಿನಲ್ಲಿ. ಹಾಗಾಗಿ ಚಿಕ್ಕ, ದುಂಡನೆಯ ಫ್ರೇಮ್ ಆರಿಸಿದರೆ 1.6ರಲ್ಲೇ ಕೆಲಸ ಆಗುತ್ತದೆ. ದೊಡ್ಡ ಚೌಕದ ಫ್ರೇಮ್ ಆರಿಸಿ, ಆಮೇಲೆ ಅದನ್ನು ತೆಳು ಮಾಡಲು 1.74ಕ್ಕೆ ದುಡ್ಡು ಸುರಿಯುವುದು ನಮ್ಮಂಥವರಿಗೆ ಲಾಭದ ದಾರಿ. ಮಕ್ಕಳಿಗೆ, ಬೈಕಿನವರಿಗೆ ಪಾಲಿಕಾರ್ಬೊನೇಟ್ ಕೊಡಿ, ಅದು ಸುಲಭಕ್ಕೆ ಒಡೆಯುವುದಿಲ್ಲ.

ಪ್ರೊಗ್ರೆಸಿವ್ ಹಾಕಿದ್ಮೇಲೆ ಮೆಟ್ಟಿಲು ತೇಲಿದ ಹಾಗೆ ಆಗ್ತದೆ. ನಂಬರ್ ತಪ್ಪಿದೆಯಾ?

ಪ್ರೊಗ್ರೆಸಿವ್‌ನಲ್ಲಿ ಮೇಲೆ ದೂರ, ನಡುವೆ ಕಂಪ್ಯೂಟರ್, ಕೆಳಗೆ ಓದು. ಕಣ್ಣು ಮಾತ್ರ ಕೆಳಗೆ ಹೊರಳಿಸಿ ಮೆಟ್ಟಿಲು ನೋಡಿದರೆ ಓದುವ ನಂಬರಿನಲ್ಲಿ ಮೆಟ್ಟಿಲು ಕಾಣುತ್ತದೆ. ಗದ್ದ ಇಳಿಸಿ, ಮೇಲಿನ ಭಾಗದಿಂದ ನೋಡಿ. ಅಡ್ಡಕ್ಕೆ ನೋಡುವಾಗ ಕಣ್ಣಲ್ಲ, ಮೂಗು ತಿರುಗಲಿ. ಒಂದೆರಡು ವಾರದಲ್ಲಿ ಹೊಂದಿಕೊಳ್ಳದಿದ್ದರೆ ತಂದು ತೋರಿಸಿ. ಹೆಚ್ಚಿನ ಸಲ ತಪ್ಪು ನಂಬರಿನಲ್ಲಿ ಇರುವುದಿಲ್ಲ, ಪಾಪೆಯ ಎತ್ತರದ ಅಳತೆಯಲ್ಲಿ ಇರುತ್ತದೆ. ಎರಡು ಮಿಲಿಮೀಟರ್ ತಪ್ಪಿದರೂ ಕತೆ ಕೆಟ್ಟಿತು. ನನ್ನ ಕೈಯಲ್ಲೂ ತಪ್ಪಿದ್ದುಂಟು, ಬೇರೆ ಗ್ಲಾಸ್ ಮಾಡಿಸಿಕೊಟ್ಟಿದ್ದೇನೆ.

ಬೋಟಿಗೆ ಹೋಗುವವ ನಾನು. ಕಣ್ಣಲ್ಲಿ ಮಾಂಸ ಬೆಳಿತಾ ಉಂಟು, ಕೂಲಿಂಗ್ ಗ್ಲಾಸ್ ಹಾಕಿದ್ರೆ ಹೋಗ್ತದಾ?

ಹೋಗುವುದಿಲ್ಲ, ಆದರೆ ಬೆಳೆಯುವುದು ನಿಧಾನವಾಗುತ್ತದೆ. ಮೂಗಿನ ಬದಿಯಿಂದ ಕಪ್ಪುಗುಡ್ಡೆಯ ಕಡೆಗೆ ಮೂರು ಮೂಲೆಯ ರೆಕ್ಕೆಯ ಹಾಗೆ ಹಬ್ಬುವ ಈ ಪದರಕ್ಕೆ ಬಿಸಿಲಿನ ಯುವಿ ಕಿರಣ, ಗಾಳಿ, ಉಪ್ಪುನೀರು ಎಲ್ಲ ಸೇರಿ ಕಾರಣ. ಕಡಲಿನಲ್ಲಿ ಬಿಸಿಲು ಮೇಲಿನಿಂದ ಒಂದು ಸಲ, ನೀರಿನಿಂದ ಚಿಮ್ಮಿ ಇನ್ನೊಂದು ಸಲ ಹೊಡೆಯುತ್ತದೆ. ಅಗಲ ಅಂಚಿನ ಟೋಪಿಯೂ ಬೇಕು, ಯುವಿ 400 ಎಂದು ಬರೆದ ಕನ್ನಡಕವೂ ಬೇಕು. ಬರೀ ಕಪ್ಪು ಪ್ಲಾಸ್ಟಿಕ್ ಆದರೆ ಪಾಪೆ ದೊಡ್ಡದಾಗಿ ಯುವಿ ಇನ್ನಷ್ಟು ಒಳಗೆ ಹೋಗುತ್ತದೆ.

ಪೋಲರೈಸ್ಡ್ ಗ್ಲಾಸ್ ನೀರಿನ ಹೊಳಪನ್ನು ಕತ್ತರಿಸುತ್ತದೆ, ಮೀನಿನ ಹಿಂಡು ಚೆನ್ನಾಗಿ ಕಾಣುತ್ತದೆ. ಒಂದೇ ಕಿರಿಕಿರಿ, ತಲೆ ವಾಲಿಸಿ ನೋಡಿದರೆ ಜಿಪಿಎಸ್ ಮತ್ತು ಫಿಶ್ ಫೈಂಡರಿನ ಕೆಲವು ಪರದೆಗಳು ಕಪ್ಪಾಗುತ್ತವೆ. ಕೊಳ್ಳುವ ಮೊದಲು ಬೋಟಿನಲ್ಲೇ ಹಾಕಿ ನೋಡಿ. ಮಾಂಸ ಪಾಪೆಯ ಹತ್ತಿರ ಬಂದರೆ ಆಪರೇಷನ್ ಬೇಕು. ನಿಮ್ಮದೇ ಕಣ್ಣಿನ ಬಿಳಿಭಾಗದ ಮೇಲಿನ ತೆಳು ಪದರವನ್ನು ತೇಪೆ ಹಾಕಿದರೆ ಮರಳಿ ಬರುವುದು ಬಹಳ ಕಡಿಮೆ.

## ಕಾಂಟ್ಯಾಕ್ಟ್ ಲೆನ್ಸ್

ಲೆನ್ಸ್ ಕಣ್ಣಿನ ಹಿಂದೆ ಹೋಗಿ ಸಿಕ್ಕಿಹಾಕಿಕೊಂಡ್ರೆ?

ಹೋಗಲು ದಾರಿಯೇ ಇಲ್ಲ. ರೆಪ್ಪೆಯ ಒಳಮೈಯ ಪದರ ಮಡಚಿಕೊಂಡು ಕಣ್ಣಿನ ಬಿಳಿಗೆ ಅಂಟಿದೆ, ಚೀಲದ ತಳದ ಹಾಗೆ. ಹೆಚ್ಚೆಂದರೆ ಮೇಲಿನ ರೆಪ್ಪೆಯಡಿ ಮಡಚಿ ಕೂರುತ್ತದೆ. ಲೆನ್ಸ್ ದ್ರಾವಣದ ಎರಡು ಹನಿ ಹಾಕಿ, ಕೆಳಗೆ ನೋಡುತ್ತಾ ರೆಪ್ಪೆ ಸವರಿದರೆ ಇಳಿದು ಬರುತ್ತದೆ.

ನಮ್ಮ ಬಾವಿ ನೀರು ಕನ್ನಡಿ ಹಾಗೆ ಉಂಟು, ಅದರಲ್ಲೇ ಲೆನ್ಸ್ ತೊಳೆದ್ರೆ ಎಂತ ಆಗ್ತದೆ?

ಬೇಡವೇ ಬೇಡ. ಕುಡಿಯಲು ಒಳ್ಳೆಯ ನೀರಿನಲ್ಲೂ ಅಕಾಂತಮೀಬಾ ಎಂಬ ಸೂಕ್ಷ್ಮಜೀವಿ ಇರಬಹುದು. ಹೊಟ್ಟೆಗೆ ಅದರಿಂದ ತೊಂದರೆ ಇಲ್ಲ. ಲೆನ್ಸಿನಡಿ ಸಿಕ್ಕಿ ಕಾರ್ನಿಯಾಕ್ಕೆ ಇಳಿದರೆ ತಿಂಗಳುಗಟ್ಟಲೆ ವಿಪರೀತ ನೋವು, ಕೆಲವೊಮ್ಮೆ ಕಾರ್ನಿಯಾವನ್ನೇ ಬದಲಿಸಬೇಕಾಗುತ್ತದೆ. ನಳ್ಳಿ ನೀರಿಗೂ, ಕೆರೆಗೂ, ಈಜುಕೊಳಕ್ಕೂ, ಮಲ್ಪೆ ಪಣಂಬೂರಿನ ಕಡಲಿಗೂ ಇದೇ ಮಾತು. ಲೆನ್ಸ್ ಹಾಕಿ ಮೀಯುವುದೂ ಬೇಡ. ಕೈಯನ್ನು ಸಾಬೂನಿನಲ್ಲಿ ತೊಳೆದು, ಒಣ ಬಟ್ಟೆಯಲ್ಲಿ ಒರೆಸಿಯೇ ಲೆನ್ಸ್ ಮುಟ್ಟಿ. ಡಬ್ಬಿಯ ಹಳೆ ದ್ರಾವಣಕ್ಕೆ ಹೊಸದನ್ನು ಸೇರಿಸಬೇಡಿ, ಚೆಲ್ಲಿ ಹೊಸದು ತುಂಬಿ. ಮೂರು ತಿಂಗಳಿಗೊಮ್ಮೆ ಡಬ್ಬಿ ಬಿಸಾಡಿ.

ಬ್ಯಾಡಗಿ ಮೆಣಸು ಹುರಿಯುವ ದಿನ ಲೆನ್ಸ್ ಹಾಕುವ ಧೈರ್ಯ ನನಗಂತೂ ಇಲ್ಲ.

ಯಕ್ಷಗಾನದಲ್ಲಿ ವೇಷ ಮಾಡ್ತೇನೆ, ಕನ್ನಡಕ ಹಾಕ್ಲಿಕ್ಕೆ ಆಗುದಿಲ್ಲ. ಲೆನ್ಸ್ ಮೊದಲಾ, ಬಣ್ಣ ಮೊದಲಾ?

ಚೌಕಿಗೆ, ಅಂದರೆ ಬಣ್ಣದ ಕೋಣೆಗೆ, ಬಂದು ಕೈ ತೊಳೆದ ಕೂಡಲೇ ಲೆನ್ಸ್, ಆಮೇಲೆ ಬಣ್ಣ. ತೆಗೆಯುವಾಗಲೂ ಮೊದಲು ಲೆನ್ಸ್, ನಂತರ ಮುಖಕ್ಕೆ ತೆಂಗಿನೆಣ್ಣೆ. ಎಣ್ಣೆ ಕೈಯಲ್ಲಿ ಲೆನ್ಸ್ ಮುಟ್ಟಿದರೆ ಅದು ಮತ್ತೆ ಸ್ವಚ್ಛವಾಗುವುದೇ ಕಷ್ಟ. ನಿಮಗೆ ಒಂದು ದಿನ ಹಾಕಿ ಬಿಸಾಡುವ ಲೆನ್ಸೇ ಸರಿ, ಡಬ್ಬಿ ಬೇಡ, ದ್ರಾವಣ ಬೇಡ. ಆಟ ಮುಗಿಸಿ ವ್ಯಾನಿನಲ್ಲಿ ನಿದ್ದೆ ಹೋಗುವ ಮೊದಲು ತೆಗೆಯಲೇಬೇಕು. ಕಾರ್ನಿಯಾಕ್ಕೆ ರಕ್ತನಾಳ ಇಲ್ಲ, ಅದು ಉಸಿರಾಡುವುದು ಗಾಳಿಯಿಂದ. ರೆಪ್ಪೆಯೂ ಮುಚ್ಚಿ ಲೆನ್ಸೂ ಇದ್ದರೆ ಕಣ್ಣಿನ ಹುಣ್ಣಿನ ಅಪಾಯ ಹಲವು ಪಟ್ಟು ಹೆಚ್ಚು.

ಕನ್ನಡಕ ಮೈನಸ್ 6, ಲೆನ್ಸಿಗೆ ಮೈನಸ್ 5.50 ಕೊಟ್ರಲ್ಲ, ಕಡಿಮೆ ಕೊಟ್ಟದ್ದಾ?

ಅಲ್ಲ. ಕನ್ನಡಕ ಕಣ್ಣಿನಿಂದ ಸುಮಾರು 12 ಮಿಲಿಮೀಟರ್ ಮುಂದೆ ಕೂತಿರುತ್ತದೆ, ಲೆನ್ಸ್ ಕಣ್ಣಿನ ಮೇಲೆಯೇ. ಆ ದೂರ ಇಲ್ಲವಾದಾಗ ಮೈನಸ್ ಕಡಿಮೆ ಸಾಕು. ಲೆಕ್ಕ ಹಾಕಿದರೆ ಮೈನಸ್ 6 ಎಂಬುದು 5.60ಕ್ಕೆ ಇಳಿಯುತ್ತದೆ. 4ರೊಳಗಿನ ನಂಬರಿಗೆ ಈ ವ್ಯತ್ಯಾಸ ಗಣನೆಗೆ ಬರುವುದಿಲ್ಲ.

## ಕೆಂಪಾದದ್ದು, ಬಿದ್ದದ್ದು, ತಾಗಿದ್ದು

ಕೆಂಗಣ್ಣು ಆದವರನ್ನು ನೋಡಿದ್ರೆ ನಮಗೂ ಬರ್ತದಾ?

ನೋಟದಿಂದ ಬರುವುದಿಲ್ಲ, ಕೈಯಿಂದ ಬರುತ್ತದೆ. ಅವರು ಕಣ್ಣುಜ್ಜಿದ ಕೈ ಬಸ್ಸಿನ ಕಂಬಿ ಹಿಡಿಯಿತು, ಅದೇ ಕಂಬಿ ಹಿಡಿದು ನೀವು ಕಣ್ಣುಜ್ಜಿದಿರಿ. 2023ರ ಮಳೆಗಾಲದಲ್ಲಿ ಶಾಲೆ ಶಾಲೆಗೆ ಹಬ್ಬಿದ್ದು ಹೀಗೆಯೇ. ಕಪ್ಪು ಕನ್ನಡಕ ಹಾಕಿದವರಿಗೆ ಬೆಳಕು ಚುಚ್ಚುವುದು ಕಡಿಮೆಯಾಗುತ್ತದೆ, ಎದುರಿನವರಿಗೆ ಅದರಿಂದ ರಕ್ಷಣೆ ಇಲ್ಲ. ಹೆಚ್ಚಿನದ್ದು ವೈರಸ್, ಒಂದೆರಡು ವಾರದಲ್ಲಿ ತಾನಾಗಿ ಇಳಿಯುತ್ತದೆ. ಬೈರಾಸು (ಟವೆಲ್), ತಲೆದಿಂಬು ಬೇರೆ ಇಡಿ. ಲೆನ್ಸ್ ಹಾಕುವವರು ಆ ಜೊತೆಯನ್ನೇ ಎಸೆಯಿರಿ. ಬೆಳಕು ನೋಡಲಾಗದಷ್ಟು ನೋವಿದ್ದರೆ, ದೃಷ್ಟಿ ಮಂಜಾದರೆ ಅದು ಬರೀ ಕೆಂಗಣ್ಣಲ್ಲ, ಡಾಕ್ಟರ ಹತ್ತಿರ ಹೋಗಿ.

ತೋಟಕ್ಕೆ ಮದ್ದು ಬಿಡುವಾಗ ಸುಣ್ಣ ಕಣ್ಣಿಗೆ ಹಾರಿದ್ರೆ ಮೊದಲು ಎಂತ ಮಾಡುದು?

ನೀರು. ಡಾಕ್ಟರ ಹತ್ತಿರ ಓಡುವ ಮೊದಲೇ ನೀರು. ಇಡೀ ಪಟ್ಟಿಯಲ್ಲಿ ನೆನಪಿಡಬೇಕಾದ ಉತ್ತರ ಯಾವುದೆಂದು ಕೇಳಿದರೆ ನಾನು ಇದನ್ನೇ ತೋರಿಸುತ್ತೇನೆ. ಕೊಳೆರೋಗಕ್ಕೆ ಬಿಡುವ ಬೋರ್ಡೋ ದ್ರಾವಣದಲ್ಲಿ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ ಇರುತ್ತದೆ. ಸುಣ್ಣ ಕ್ಷಾರ. ಆಮ್ಲ ಬಿದ್ದಲ್ಲೇ ಸುಟ್ಟು ಹೆಚ್ಚಾಗಿ ಅಲ್ಲಿಗೆ ನಿಲ್ಲುತ್ತದೆ, ಕ್ಷಾರ ಕಣ್ಣಿನೊಳಗೆ ಇಳಿಯುತ್ತಲೇ ಹೋಗುತ್ತದೆ. ಕೊಡಪಾನವೋ, ಪೈಪೋ, ಸಿಕ್ಕಿದ ಶುದ್ಧ ನೀರಿನಲ್ಲಿ ರೆಪ್ಪೆ ಬಿಡಿಸಿ ಹಿಡಿದು ಅರ್ಧ ಗಂಟೆ ಬಿಡದೆ ತೊಳೆಯಿರಿ. ರೆಪ್ಪೆಯಡಿ ಸುಣ್ಣದ ಕಣ ಕೂತಿದ್ದರೆ ಒದ್ದೆ ಹತ್ತಿಯಿಂದ ತೆಗೆಯಿರಿ. ಸುಣ್ಣಕ್ಕೆ ಎದುರಾಗಿ ಲಿಂಬೆಹುಳಿ, ತಂಪಿಗೆ ತುಪ್ಪ, ಹರಳೆಣ್ಣೆ ಯಾವುದೂ ಬೇಡ. ಆಮೇಲೆ ಆಸ್ಪತ್ರೆ, ಅದೇ ದಿನ. ಎಲೆಯಡಿಕೆಯ ಸುಣ್ಣದ ಟ್ಯೂಬನ್ನು ಮಕ್ಕಳು ಹಿಚುಕಿ ಆಡುವಾಗಲೂ ಇದೇ ಆಗುವುದು, ಅದನ್ನು ಎತ್ತರದಲ್ಲಿಡಿ.

ಹುಲ್ಲು ಕತ್ತರಿಸುವ ಮೆಷಿನ್ ಹಿಡಿಯುವವರು ಬದಿ ಮುಚ್ಚುವ ಪಾಲಿಕಾರ್ಬೊನೇಟ್ ಕನ್ನಡಕ ಹಾಕಲೇಬೇಕು. ಬ್ಲೇಡಿಗೆ ತಾಗಿದ ಕಲ್ಲು ಯಾವ ಕಡೆಗೆ ಹಾರುತ್ತದೆ ಎಂದು ಹೇಳಲಾಗದು.

ಗದ್ದೆಯಲ್ಲಿ ಎಲೆ ತಾಗಿ ಕಣ್ಣು ಕೆಂಪಾಯ್ತು. ಮೆಡಿಕಲಿನಲ್ಲಿ ಒಂದು ಡ್ರಾಪ್ಸ್ ತಗೊಂಡ್ರೆ ಸಾಕಲ್ಲ?

ಯಾವ ಡ್ರಾಪ್ಸ್ ಎಂಬುದರ ಮೇಲೆ ಕಣ್ಣು ನಿಂತಿದೆ. ಭತ್ತದ ಎಲೆ, ಬೈಹುಲ್ಲು, ತೆಂಗಿನ ಗರಿ ಗೀರಿದ ಗಾಯಕ್ಕೆ ಬೂಷ್ಟು ಹತ್ತುತ್ತದೆ. ಎರಡು ಮೂರು ದಿನದಲ್ಲಿ ಕಪ್ಪುಗುಡ್ಡೆಯ ಮೇಲೆ ಬಿಳಿ ಚುಕ್ಕಿ ಕಾಣಿಸುತ್ತದೆ. ಅದಕ್ಕೆ ಸ್ಟೆರಾಯ್ಡ್ ಇರುವ ಡ್ರಾಪ್ಸ್ ಬಿಟ್ಟರೆ ಮೊದಲ ದಿನ ಕೆಂಪು ಇಳಿದು ‘ಆಹಾ’ ಅನಿಸುತ್ತದೆ, ಒಳಗೆ ಬೂಷ್ಟಿಗೆ ಗೊಬ್ಬರ ಹಾಕಿದ ಹಾಗಾಗಿರುತ್ತದೆ. ಅದೇ ಸ್ಟೆರಾಯ್ಡನ್ನು ತುರಿಕೆಗೆಂದು ತಿಂಗಳುಗಟ್ಟಲೆ ಬಿಟ್ಟುಕೊಂಡು ಗ್ಲುಕೋಮಾವನ್ನೂ ಪೊರೆಯನ್ನೂ ತಂದುಕೊಂಡ ಹುಡುಗರೂ ಇದ್ದಾರೆ. ಪಕ್ಕದ ಮನೆಯವರ ಉಳಿದ ಡ್ರಾಪ್ಸ್ ಕೂಡ ಬೇಡ. ಬಾಟಲಿ ತೆರೆದ ಮೇಲೆ ಸಾಮಾನ್ಯವಾಗಿ ಒಂದೇ ತಿಂಗಳು ಅದರ ಆಯುಷ್ಯ.

ನಂದಿಬಟ್ಟಲ ರಸ, ಎದೆಹಾಲು, ಜೇನು ಹಿಂಡಿದ್ರೆ ತಂಪಲ್ವಾ?

ನಂದಿಬಟ್ಟಲ ಹೂವನ್ನು ಮುಚ್ಚಿದ ರೆಪ್ಪೆಯ ಮೇಲೆ ಇಟ್ಟುಕೊಳ್ಳಿ, ತಂಪೇ. ಕಣ್ಣಿನೊಳಗೆ ಏನನ್ನೂ ಹಿಂಡಬೇಡಿ. ಕೂಸಿನ ಕಣ್ಣಿಗೆ ಕಾಡಿಗೆಯೂ ಬೇಡ. ದೃಷ್ಟಿ ಬೊಟ್ಟು ಕೆನ್ನೆಗೋ ಪಾದಕ್ಕೋ ಸಾಕು.

## ಸಕ್ಕರೆ, ಪ್ರೆಶರ್, ಪೊರೆ

ಶುಗರ್ ಉಂಟು. ಹೋದ ತಿಂಗಳು ಮಾಡಿಸಿದ ಕನ್ನಡಕ ಈಗ ಸರಿ ಕಾಣುದಿಲ್ಲ!

ಕನ್ನಡಕ ಬದಲಾಗಿಲ್ಲ, ನೀವು ಬದಲಾದಿರಿ. ರಕ್ತದಲ್ಲಿ ಸಕ್ಕರೆ ಏರಿಳಿದಾಗ ಕಣ್ಣಿನೊಳಗಿನ ಲೆನ್ಸ್ ನೀರು ಹೀರಿ ಉಬ್ಬುತ್ತದೆ, ಇಳಿಯುತ್ತದೆ. ನಂಬರೂ ಅದರ ಜೊತೆಗೆ ಕುಣಿಯುತ್ತದೆ. ಸಕ್ಕರೆ ಕೆಲವು ವಾರ ಒಂದೇ ಮಟ್ಟದಲ್ಲಿ ನಿಂತ ಮೇಲೆ ನಂಬರ್ ತೆಗೆಸಿ.

ಅದಕ್ಕಿಂತ ಮುಖ್ಯ ಕೆಲಸ ಬೇರೆ ಉಂಟು. ಕಾಣಲಿ, ಕಾಣದಿರಲಿ, ವರ್ಷಕ್ಕೊಮ್ಮೆ ಡ್ರಾಪ್ಸ್ ಹಾಕಿಸಿ ಪಾಪೆ ಅಗಲಿಸಿ ರೆಟಿನಾ ತೋರಿಸಬೇಕು. ಮೊದಲ ಹಂತದಲ್ಲಿ ಅದು ಯಾವ ಸೂಚನೆಯನ್ನೂ ಕೊಡುವುದಿಲ್ಲ. ಡ್ರಾಪ್ಸ್ ಹಾಕಿದ ಮೇಲೆ ನಾಲ್ಕಾರು ಗಂಟೆ ಮಂಜು, ಸ್ಕೂಟರ್ ತರಬೇಡಿ. ಬಸ್ಸಿನಲ್ಲಿ ಬನ್ನಿ, ಇಲ್ಲವೇ ಮಗನನ್ನು ಕರೆದುಕೊಂಡು ಬನ್ನಿ.

ನಮ್ಮ ಅಜ್ಜನಿಗೆ 75. ಈಗ ಕನ್ನಡಕ ಇಲ್ಲದೆ ಉದಯವಾಣಿ ಓದ್ತಾರೆ. ಕಣ್ಣು ಸರಿಯಾಯ್ತಾ?

ಅಜ್ಜನ ಸಂಭ್ರಮ ಕೆಡಿಸುವುದು ನನಗೆ ಇಷ್ಟವಿಲ್ಲ, ಆದರೆ ಅದು ಹೆಚ್ಚಾಗಿ ಪೊರೆ. ಲೆನ್ಸಿನ ನಡುಭಾಗ ಗಟ್ಟಿಯಾದಾಗ ಕಣ್ಣು ಮೈನಸ್ ಕಡೆಗೆ ಸರಿಯುತ್ತದೆ, ಓದುವುದು ಸುಲಭವಾಗುತ್ತದೆ. ಅಂಗಳದಾಚೆ ಬಂದವರ ಗುರುತು ಹಿಡಿಯುತ್ತಾರೆಯೇ ಎಂದು ಕೇಳಿ ನೋಡಿ.

ಪೊರೆ ಬಲಿಯಲಿ ಅಂತ ಕಾದದ್ದು. ಈಗ ಆಟಿ ಬಂತು, ಮಳೆಗಾಲ ಮುಗಿದ ಮೇಲೆ ಮಾಡಿಸುದಾ?

ಬಲಿಯಲು ಅದು ಹಲಸಲ್ಲ. ಹಿಂದೆ ಲೆನ್ಸನ್ನು ಇಡಿಯಾಗಿ ಹೊರತೆಗೆಯುತ್ತಿದ್ದಾಗ ಆ ಮಾತಿಗೆ ಅರ್ಥ ಇತ್ತು. ಈಗ ಚಿಕ್ಕ ಗಾಯದ ಮೂಲಕ ಅಲ್ಟ್ರಾಸೌಂಡಿನಿಂದ ಪೊರೆಯನ್ನು ಪುಡಿ ಮಾಡಿ ಹೀರುತ್ತಾರೆ. ಬಲಿತಷ್ಟೂ ಪುಡಿ ಮಾಡುವುದು ಕಷ್ಟ. ನಿಮ್ಮ ದಿನನಿತ್ಯದ ಕೆಲಸಕ್ಕೆ ಅಡ್ಡಿ ಆಗುತ್ತಿದ್ದರೆ ಅದೇ ಸಮಯ.

ಆಟಿ ತಿಂಗಳಲ್ಲಿ ಶುಭಕಾರ್ಯ ಬೇಡ ಎಂಬುದು ನಮ್ಮ ತುಳುನಾಡಿನ ಪದ್ಧತಿ, ಅದನ್ನು ಬಿಡಿ ಎನ್ನಲು ನಾನ್ಯಾರು. ಆದರೆ ಆಪರೇಷನ್ ಕೋಣೆಯೊಳಗೆ ಮಳೆಯೂ ಇಲ್ಲ, ಆಟಿಯೂ ಇಲ್ಲ. ಎರಡು ಮೂರು ವಾರ ತಲೆಗೆ ನೀರು ಹಾಕುವಾಗ ಕಣ್ಣಿಗೆ ಬೀಳದಿದ್ದರೆ, ಹಟ್ಟಿ ತೋಟದ ಕೆಲಸ ಬಿಟ್ಟರೆ ಯಾವ ತಿಂಗಳಾದರೂ ಸರಿ. ತೋಟದ ಕೆಲಸ ಕಡಿಮೆ ಇರುವ ಆಟಿಯೇ ಕೆಲವರಿಗೆ ಅನುಕೂಲ! ಮಂಗಳೂರಿನ ವೆನ್‌ಲಾಕ್, ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆಯಂಥ ಸರಕಾರಿ ಆಸ್ಪತ್ರೆಗಳಲ್ಲೂ ವಿಚಾರಿಸಿ.

ಪೊರೆ ತೆಗೆದ ಜಾಗದಲ್ಲಿ ಒಳಗೆ ಇಡುವ ಕೃತಕ ಲೆನ್ಸಿನ ಕತೆ ಸ್ವಾರಸ್ಯದ್ದು. ಯುದ್ಧವಿಮಾನದ ಗಾಜು ಸಿಡಿದು ಪೈಲಟ್‌ಗಳ ಕಣ್ಣೊಳಗೆ ಹೊಕ್ಕ ಅಕ್ರಿಲಿಕ್ ಚೂರುಗಳು ಸುಮ್ಮನೆ ಕೂತಿದ್ದನ್ನು ಕಂಡ ಲಂಡನ್ನಿನ ಹೆರಾಲ್ಡ್ ರಿಡ್ಲಿ, 1949ರಲ್ಲಿ ಅದೇ ವಸ್ತುವಿನ ಲೆನ್ಸನ್ನು ಮೊದಲ ಬಾರಿ ಕಣ್ಣಿನಲ್ಲಿಟ್ಟರು. ಸಾಮಾನ್ಯ ಲೆನ್ಸ್ ಹಾಕಿಸಿದರೆ ದೂರಕ್ಕೆ ಚೆನ್ನ, ಓದಲು ಕನ್ನಡಕ ಬೇಕು. ಮಲ್ಟಿಫೋಕಲ್ ಎರಡಕ್ಕೂ ಆಗುತ್ತದೆ, ಆದರೆ ರಾತ್ರಿ ದೀಪದ ಸುತ್ತ ಬಳೆ ಕಾಣಬಹುದು. ರಾತ್ರಿ ಗಾಡಿ ಓಡಿಸುವವರು ಯೋಚಿಸಿ. ತೆಗೆದ ಪೊರೆ ಮತ್ತೆ ಬರುವುದಿಲ್ಲ. ಲೆನ್ಸಿನ ಹಿಂದಿನ ಚೀಲ ಮಂಜಾದರೆ ಲೇಸರಿನಲ್ಲಿ ಕೆಲವೇ ನಿಮಿಷಗಳಲ್ಲಿ ಸರಿಪಡಿಸುತ್ತಾರೆ.

ಕಣ್ಣಿಗೂ ಪ್ರೆಶರ್ ಉಂಟಂತೆ. ಬಿಪಿ ನಾರ್ಮಲ್ ಇದ್ರೆ ಸಾಕಲ್ಲ?

ಎರಡೂ ಬೇರೆ ಬೇರೆ. ಕಣ್ಣಿನೊಳಗಿನ ನೀರಿನ ಒತ್ತಡ ಸಾಮಾನ್ಯವಾಗಿ 10ರಿಂದ 21 ಮಿಲಿಮೀಟರ್ ಪಾದರಸ. ಅದು ಹೆಚ್ಚಾಗಿ ದೃಷ್ಟಿನರ ಸವೆಯುವುದೇ ಗ್ಲುಕೋಮಾ. ಒತ್ತಡ ಈ ಮಿತಿಯೊಳಗಿದ್ದೂ ಕೆಲವರಿಗೆ ಬರುತ್ತದೆ. ನೋವಿಲ್ಲ, ಕೆಂಪಿಲ್ಲ, ಅಂಚಿನಿಂದ ದೃಷ್ಟಿ ಕರಗುತ್ತಾ ಬರುತ್ತದೆ. ಹೋದದ್ದು ಮರಳುವುದಿಲ್ಲ, ಉಳಿದದ್ದನ್ನು ಡ್ರಾಪ್ಸಿನಿಂದ ಉಳಿಸಿಕೊಳ್ಳಬಹುದು. ಅಪ್ಪ, ಅಮ್ಮ, ಒಡಹುಟ್ಟಿದವರಿಗೆ ಇದ್ದರೆ ನಲವತ್ತಕ್ಕೇ ಪರೀಕ್ಷೆ ಆಗಲಿ. ಇನ್ನೊಂದು ಬಗೆ ಉಂಟು: ಇದ್ದಕ್ಕಿದ್ದಂತೆ ಕಣ್ಣು ತಲೆ ಸಿಡಿಯುವ ನೋವು, ವಾಂತಿ, ದೀಪದ ಸುತ್ತ ಕಾಮನಬಿಲ್ಲು. ಪಿತ್ತ ಎಂದು ಮಲಗಬೇಡಿ, ರಾತ್ರಿಯಾದರೂ ಆಸ್ಪತ್ರೆಗೆ ಹೋಗಿ.

ಕಣ್ಣೆದುರು ನೊಣ ಹಾರಿದ ಹಾಗೆ ಕಾಣ್ತದೆ, ಹೆದರ್ಬೇಕಾ?

ಹಳೆಯ ಒಂದೆರಡು ನೊಣಕ್ಕೆ ಹೆದರಬೇಕಾಗಿಲ್ಲ. ಒಮ್ಮೆಲೇ ಹಿಂಡಾಗಿ ಬಂದರೆ, ಕತ್ತಲಲ್ಲೂ ಮಿಂಚಿದಂತಾದರೆ, ಬದಿಯಿಂದ ಪರದೆ ಎಳೆದ ಹಾಗಾದರೆ ರೆಟಿನಾ ಹರಿದಿರಬಹುದು. ಅದೇ ದಿನ ತೋರಿಸಿ. ದೊಡ್ಡ ಮೈನಸ್ ಇರುವವರಿಗೆ ಈ ಅಪಾಯ ಜಾಸ್ತಿ.

## ಆಪರೇಷನ್, ದಾನ

ಲೇಸರ್ ಮಾಡಿಸಿದ್ರೆ ಜೀವನಪೂರ್ತಿ ಕನ್ನಡಕ ಬೇಡವಾ?

ದೂರಕ್ಕೆ ಹೆಚ್ಚಿನವರಿಗೆ ಬೇಡ. ನಲವತ್ತು ದಾಟಿದ ಮೇಲೆ ಚಾಳೀಸು ಬಂದೇ ಬರುತ್ತದೆ. 18 ತುಂಬಿರಬೇಕು, ಒಂದು ವರ್ಷ ನಂಬರ್ ಅಲುಗಾಡಿರಬಾರದು, ಕಾರ್ನಿಯಾಕ್ಕೆ ಸಾಕಷ್ಟು ದಪ್ಪ ಇರಬೇಕು. ಪರೀಕ್ಷೆಗೆ ಮೊದಲು ಡಾಕ್ಟರ್ ಹೇಳಿದಷ್ಟು ದಿನ ಲೆನ್ಸ್ ಹಾಕಬಾರದು. ಕಣ್ಣು ತುಂಬಾ ಉಜ್ಜುವ ಹುಡುಗ ಹುಡುಗಿಯರಲ್ಲಿ ಕೆಲವರಿಗೆ ಕಾರ್ನಿಯಾ ತೆಳುವಾಗಿ ಗೋಪುರದ ಹಾಗೆ ಮೊನಚಾಗುತ್ತದೆ, ಅವರಿಗೆ ಲೇಸರ್ ಕೂಡದು. ಇನ್ನೊಂದು ವಿಷಯ, ಲೇಸರ್ ನಿಮ್ಮ ನಂಬರನ್ನು ಅಳಿಸುತ್ತದೆ, ಉದ್ದವಾದ ಕಣ್ಣುಗುಡ್ಡೆಯನ್ನು ಗಿಡ್ಡ ಮಾಡುವುದಿಲ್ಲ. ಮೈನಸ್ 8 ಇದ್ದವರ ರೆಟಿನಾ ಲೇಸರ್ ನಂತರವೂ ಮೈನಸ್ 8ರ ರೆಟಿನಾವೇ. ವರ್ಷ ವರ್ಷದ ಪರೀಕ್ಷೆ ಬಿಡುವಂತಿಲ್ಲ.

ನನಗೆ ಮೈನಸ್ 9, ಪೊರೆಯೂ ತೆಗೆಸಿದ್ದೇನೆ. ಇಂಥ ಕಣ್ಣು ದಾನ ಕೊಟ್ರೆ ಯಾರಿಗಾದ್ರೂ ಬೇಕಾ?

ಬೇಕು. ಕಸಿ ಮಾಡುವುದು ಕಾರ್ನಿಯಾವನ್ನು ಮಾತ್ರ, ಇಡೀ ಕಣ್ಣನ್ನಲ್ಲ. ಕನ್ನಡಕ, ಪೊರೆ ಆಪರೇಷನ್, ಸಕ್ಕರೆ, ಬಿಪಿ, ವಯಸ್ಸು ಯಾವುದೂ ಸಾಮಾನ್ಯವಾಗಿ ಅಡ್ಡಿಯಲ್ಲ. ಎಚ್‌ಐವಿ, ಹೆಪಟೈಟಿಸ್, ರೇಬೀಸ್‌ನಂಥ ಸೋಂಕಿದ್ದರೆ ತೆಗೆದುಕೊಳ್ಳುವುದಿಲ್ಲ. 2006ರಲ್ಲಿ ಡಾ. ರಾಜ್‌ಕುಮಾರ್, 2021ರ ಅಕ್ಟೋಬರಿನಲ್ಲಿ ಪುನೀತ್ ರಾಜ್‌ಕುಮಾರ್ ಕಣ್ಣು ಕೊಟ್ಟು ಹೋದರು. ಪುನೀತರ ಕಾರ್ನಿಯಾಗಳನ್ನು ಪದರ ಪದರವಾಗಿ ಬಿಡಿಸಿದ್ದರಿಂದ ಎರಡು ಕಣ್ಣಿನಿಂದ ನಾಲ್ಕು ಜನರಿಗೆ ದೃಷ್ಟಿ ಬಂತು.

ಫಾರ್ಮ್ ತುಂಬಿದರೆ ಮುಗಿಯಲಿಲ್ಲ, ಮನೆಯವರಿಗೆ ಗೊತ್ತಿರಬೇಕು, ಏಕೆಂದರೆ ಆ ಹೊತ್ತಿಗೆ ಫೋನ್ ಮಾಡುವವರು ಅವರು. ಆರು ಗಂಟೆಯೊಳಗೆ ನೇತ್ರ ಬ್ಯಾಂಕಿಗೆ ತಿಳಿಸಬೇಕು. ಅವರು ಬರುವವರೆಗೆ ಫ್ಯಾನ್ ಆರಿಸಿ, ರೆಪ್ಪೆ ಮುಚ್ಚಿ, ಮೇಲೆ ಒದ್ದೆ ಹತ್ತಿ ಇಟ್ಟು, ತಲೆಯಡಿ ದಿಂಬು ಕೊಡಿ. ಅವರೇ ಮನೆಗೆ ಬರುತ್ತಾರೆ, ಅರ್ಧ ಗಂಟೆಯೊಳಗಿನ ಕೆಲಸ, ಮುಖ ವಿಕಾರವಾಗುವುದಿಲ್ಲ, ಕ್ರಿಯೆಗಳಿಗೂ ತಡವಾಗುವುದಿಲ್ಲ. ನಿಮ್ಮ ನಂಬರ್ ಎಷ್ಟಿತ್ತು ಎಂದು ಅಲ್ಲಿ ಯಾರೂ ಕೇಳುವುದಿಲ್ಲ.